ನೀರಿನ ಬಣ್ಣ ಬದಲಾದಾಗ

ಮಕ್ಕಳೇ, ಈ ವರ್ಷವೂ ನಮ್ಮ ಕರಾವಳಿಯ ಎಷ್ಟೋ ಮನೆಗಳಿಂದ ನೀವು ಮರ್ಚೆಂಟ್ ನೇವಿಗೆ ಹೊರಟಿದ್ದೀರಿ. ಮೊದಲು ಹುಡುಗರಷ್ಟೇ ಹೋಗುತ್ತಿದ್ದರು, ಈಗ ಹುಡುಗಿಯರೂ ಹೊರಟಿದ್ದೀರಿ, ಸಂತೋಷ. ಹಡಗಿನಲ್ಲೇ ಆಯುಷ್ಯ ಕಳೆದ ನನ್ನಂಥವರು ಸಿಕ್ಕಾಗ ನೀವು ಕೇಳುವುದು ಸಂಬಳದ ಮಾತು, ಕಂಪನಿಯ ಮಾತು, ಕಾಂಟ್ರಾಕ್ಟ್ ಎಷ್ಟು ತಿಂಗಳದ್ದು ಎನ್ನುವ ಮಾತು. ಅದನ್ನು ಹೇಳಲು ಬೇಕಾದಷ್ಟು ಜನರಿದ್ದಾರೆ. ನಾನು ಇನ್ನೂರು ವರ್ಷದ ಹಿಂದೆ ಹೋದ ಕೆಲವು ಹಡಗುಗಳ ಕತೆ ಹೇಳುತ್ತೇನೆ. ಕೊಂಚ ತಾಳ್ಮೆಯಿಂದ ಕೇಳಿ. ಆ ಹಡಗುಗಳು ಹೋದದ್ದು ಬರೀ ಗಾಳಿ ಮಳೆಯಿಂದ ಎಂದು ತಿಳಿಯಬೇಡಿ.

1816ರ ಜೂನ್ 17ರಂದು ನಾಲ್ಕು ಹಡಗುಗಳು ಫ್ರಾನ್ಸಿನಿಂದ ಆಫ್ರಿಕಾದ ಸೆನೆಗಲ್ಲಿಗೆ ಹೊರಟವು. ಯುದ್ಧಕಾಲದಲ್ಲಿ ಬ್ರಿಟಿಷರು ಹಿಡಿದಿದ್ದ ಸೇಂಟ್ ಲೂಯಿ ಬಂದರು ಮತ್ತೆ ಫ್ರೆಂಚರ ಕೈಗೆ ಬರುವುದಿತ್ತು. ಗುಂಪಿನ ಹಿರಿಯ ಹಡಗಿನ ಹೆಸರು ಮೆಡ್ಯೂಸ್. ಅದರಲ್ಲಿ ಸುಮಾರು 400 ಜನ: ನಾವಿಕರು, ಸೈನಿಕರು, ಹೊಸ ಗವರ್ನರ್ ಶ್ಮಾಲ್ಟ್ಸ್, ಆತನ ಹೆಂಡತಿ ಮಗಳು, ಗುಮಾಸ್ತರು, ಅವರ ಸಂಸಾರಗಳು. ಕ್ಯಾಪ್ಟನ್ ಶೋಮರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಮುದ್ರದ ಕೆಲಸವನ್ನೇ ಬಿಟ್ಟಿದ್ದವನು. ನೆಪೋಲಿಯನ್ ಬಿದ್ದು ರಾಜ 18ನೇ ಲೂಯಿ ಪಟ್ಟಕ್ಕೆ ಬಂದಾಗ, ಅರಮನೆಗೆ ನಿಷ್ಠನಾಗಿದ್ದ ಎಂಬ ಕಾರಣಕ್ಕೆ ಆತನಿಗೆ ಹಡಗು ಸಿಕ್ಕಿತು. ಕೆಳಗಿನ ಅಧಿಕಾರಿಗಳಲ್ಲಿ ಹಲವರು ನೆಪೋಲಿಯನ್ ಕಾಲದಲ್ಲಿ ದುಡಿದು ಪಳಗಿದವರು. ಕ್ಯಾಪ್ಟನ್‌ಗೆ ಅವರನ್ನು ಕಂಡರೆ ಆಗದು. ಅವರಿಗೂ ಅಷ್ಟೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಶೋಮರೆಗೆ ಕೆಲಸ ಮರೆತಿತ್ತು ಎನ್ನುವುದನ್ನು ನಾನು ದೊಡ್ಡ ತಪ್ಪು ಎನ್ನುವುದಿಲ್ಲ. ಗೊತ್ತಿಲ್ಲದ ಹುದ್ದೆಯಲ್ಲಿ ಒಂದಲ್ಲ ಒಂದು ದಿನ ಎಲ್ಲರೂ ನಿಲ್ಲುತ್ತೇವೆ. ಗೊತ್ತಿದ್ದವರು ಎದುರಿಗೇ ಇದ್ದರೂ ಅವರನ್ನು ಕೇಳಲು ಆತನಿಗೆ ನಾಚಿಕೆಯಾಯಿತು, ಅದು ತಪ್ಪು. ತನ್ನ ಅಧಿಕಾರಿಗಳನ್ನು ಕೇಳುವ ಬದಲು ರಿಶ್‌ಫೋರ್ ಎಂಬ ಪ್ರಯಾಣಿಕನ ಮಾತಿಗೆ ಕಿವಿಗೊಟ್ಟ. ಆ ಮನುಷ್ಯ ತನಗೆ ಆ ಕರಾವಳಿಯೆಲ್ಲ ಗೊತ್ತು ಎಂದು ಹೇಳಿಕೊಂಡಿದ್ದ. ಇತ್ತ ಗವರ್ನರ್‌ಗೆ ಬೇಗ ತಲುಪಬೇಕೆಂಬ ಅವಸರ. ಮೆಡ್ಯೂಸ್ ವೇಗವಾಗಿ ಮುಂದೆ ಹೋಗಿ ಜೊತೆಯ ಹಡಗುಗಳನ್ನು ಹಿಂದೆ ಹಾಕಿತು.

ಇಂದಿನ ಮಾರಿಟೇನಿಯಾದ ಎದುರಿಗೆ ಆರ್ಗ್ವಿನ್ ಎಂಬ ಮರಳುದಿಬ್ಬ ನೀರೊಳಗೆ ಬಹುದೂರ ಚಾಚಿಕೊಂಡಿದೆ. ಅದರಿಂದ ದೂರ ಪಶ್ಚಿಮಕ್ಕೆ ಸರಿದು ಹೋಗಬೇಕೆಂದು ಸರ್ಕಾರವೇ ಬರೆದು ಕೊಟ್ಟಿತ್ತು. ಜುಲೈ 1ರ ರಾತ್ರಿ, ಇನ್ನೂ ಕಣ್ಣಳತೆಯಲ್ಲಿದ್ದ ಎಕೋ ಹಡಗು ದೀಪ ತೋರಿಸಿ ಎಚ್ಚರಿಸಲು ನೋಡಿತು. ಮೆಡ್ಯೂಸಿನಿಂದ ಉತ್ತರ ಬರಲಿಲ್ಲ. ಪಿಕಾರ್ ಎಂಬ ಗುಮಾಸ್ತ ಎಂಟು ವರ್ಷದ ಹಿಂದೆ ಇದೇ ದಿಬ್ಬಕ್ಕೆ ಹಡಗು ತಾಗಿ ಕಷ್ಟ ಕಂಡಿದ್ದವನು. ಅವನು ನಾವು ಅಪಾಯದಲ್ಲಿದ್ದೇವೆ ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಜುಲೈ 2ರ ಮಧ್ಯಾಹ್ನ ನೀರಿನ ಬಣ್ಣ ಬದಲಾಯಿತು. ಸಣ್ಣ ತೆರೆಗಳಲ್ಲಿ ಮರಳು ಹೊರಳುವುದು ಕಂಡಂತಾಯಿತು. ಹಡಗಿನ ಪಕ್ಕದಲ್ಲಿ ಪಾಚಿಕಸ ತೇಲತೊಡಗಿತು. ಗಾಳ ಹಾಕಿದವರಿಗೆ ರಾಶಿ ಮೀನು ಸಿಕ್ಕಿತು. ಇವು ತೀರ, ದಿಬ್ಬ ಹತ್ತಿರವಿದೆ ಎಂದು ಹೇಳುವ ಗುರುತುಗಳು. ನಮ್ಮ ಊರಿನ ಯಾವ ಮೀನುಗಾರನೂ ಕಣ್ಣು ಹಾಯಿಸಿದ ಕೂಡಲೇ ಹೇಳಿಬಿಡುತ್ತಿದ್ದ.

ಆಗ ಆಳ ನೋಡುತ್ತಿದ್ದದ್ದು ಸೀಸದ ಗುಂಡಿನಿಂದ. ನೀವು ಎಕೋ ಸೌಂಡರ್ ಪರದೆ ನೋಡುವವರು, ಇದನ್ನು ಸ್ವಲ್ಪ ತಿಳಿದಿರಲಿ. ಗುಂಡಿನ ತಳದಲ್ಲಿ ಒಂದು ಸಣ್ಣ ಗುಳಿ. ಅದಕ್ಕೆ ಕೊಬ್ಬು ಮೆತ್ತಿ ಕೆಳಗೆ ಬಿಟ್ಟರೆ ಮರಳೋ, ಕೆಸರೋ, ಚಿಪ್ಪಿನ ಚೂರೋ ಅಂಟಿಕೊಂಡು ಮೇಲೆ ಬರುತ್ತಿತ್ತು. ಹಗ್ಗದುದ್ದಕ್ಕೂ ಇಂತಿಷ್ಟು ಮಾರಿಗೆ ತೊಗಲಿನ ಪಟ್ಟಿ, ಇಂತಿಷ್ಟು ಮಾರಿಗೆ ಬಟ್ಟೆಯ ತುಂಡು ಕಟ್ಟಿರುತ್ತಿದ್ದರು. ಕತ್ತಲೆಯಲ್ಲೂ ಬೆರಳಿಂದ ಮುಟ್ಟಿ ಆಳ ಹೇಳಬಹುದಿತ್ತು. ಹಡಗಿನ ಪಕ್ಕದಲ್ಲಿ ನಿಂತು ತೊಯ್ದು ತೊಪ್ಪೆಯಾಗಿ ಗುಂಡು ಎಸೆಯುವವನು ಸಾಮಾನ್ಯ ನಾವಿಕ. ಆದರೆ ಆ ಗಳಿಗೆಯಲ್ಲಿ ಹಡಗಿನ ಕೆಳಗೆ ಏನಿದೆ ಎಂದು ಗೊತ್ತಿರುವವನು ಅವನೊಬ್ಬನೇ.

ವಾಚ್‌ನಲ್ಲಿದ್ದ ಅಧಿಕಾರಿ ಗುಂಡು ಬಿಡಿಸಿದ. 18 ಮಾರು ಎಂದು ಬಂತು. ಕ್ಯಾಪ್ಟನ್ ದಿಕ್ಕು ಬದಲಿಸಲು ಹೇಳಿದ. ಮತ್ತೆ ಗುಂಡು ಬಿಟ್ಟಾಗ 6 ಮಾರು. ಅಷ್ಟರಲ್ಲಿ ಹೊತ್ತು ಮೀರಿತ್ತು. ಮೂರು ಗಂಟೆಯ ಸುಮಾರಿಗೆ ಹಡಗು ಮರಳಿಗೆ ಕಚ್ಚಿಕೊಂಡಿತು. ಆ ಹೊತ್ತು ದೊಡ್ಡ ಭರತ. ಭರತದಲ್ಲಿ ಹತ್ತಿದ ಹಡಗನ್ನು ಇಳಿಸುವುದು ಎಷ್ಟು ಕಷ್ಟ ಎಂದು ನಿಮಗೆ ತಿಳಿಸಿ ಹೇಳಬೇಕಾಗಿಲ್ಲ. ಫಿರಂಗಿಗಳನ್ನು ನೀರಿಗೆ ತಳ್ಳಿ ಭಾರ ಇಳಿಸಬಹುದಿತ್ತು. ಕ್ಯಾಪ್ಟನ್ ಅದಕ್ಕೂ ಒಪ್ಪಲಿಲ್ಲ.

ಆರು ದೋಣಿಗಳಿದ್ದವು, ಅವುಗಳಲ್ಲಿ ಹಿಡಿಯುವುದು ಸುಮಾರು 250 ಜನ. ಉಳಿದವರಿಗಾಗಿ ಪಟಗಂಬ, ಹಲಗೆ ಕಟ್ಟಿ ಸುಮಾರು 20 ಮೀಟರ್ ಉದ್ದ, 7 ಮೀಟರ್ ಅಗಲದ ತೆಪ್ಪ ಮಾಡಿದರು. ಜುಲೈ 5ರಂದು ಅದರ ಮೇಲೆ 147 ಜನರನ್ನು ಹತ್ತಿಸಿದಾಗ ಅದು ನೀರೊಳಗೇ ಕುಸಿಯಿತು, ಸೊಂಟದ ತನಕ ನೀರು. ದೋಣಿಗಳು ಹಗ್ಗ ಕಟ್ಟಿ ತೆಪ್ಪವನ್ನು ದಡಕ್ಕೆ ಎಳೆದೊಯ್ಯಬೇಕು ಎಂದು ಮಾತಾಗಿತ್ತು. ಕೆಲವೇ ಮೈಲಿ ಹೋಗುವಷ್ಟರಲ್ಲಿ ದೋಣಿಯವರು ಹಗ್ಗ ಬಿಟ್ಟರು. ಕ್ಯಾಪ್ಟನ್ನೂ ಗವರ್ನರೂ ದೋಣಿಗಳಲ್ಲಿದ್ದರು.

ತೆಪ್ಪದ ಮೇಲಿದ್ದದ್ದು ಒಂದು ಚೀಲ ಬಿಸ್ಕತ್ತು, ಎರಡು ಪೀಪಾಯಿ ಕುಡಿಯುವ ನೀರು, ಕೆಲವು ಪೀಪಾಯಿ ವೈನ್. ಬಿಸ್ಕತ್ತು ಮೊದಲ ದಿನವೇ ಮುಗಿಯಿತು, ನೀರಿನ ಪೀಪಾಯಿ ಸಮುದ್ರದ ಪಾಲಾಯಿತು. ಮೊದಲ ರಾತ್ರಿಯೇ 20 ಜನ ಇಲ್ಲವಾದರು. ಆಮೇಲೆ ಕತ್ತಲೆಯಲ್ಲಿ ಹೊಡೆದಾಟ, ಕೊಲೆ, ಹಸಿವಿಗೆ ಹೆಣದ ಮಾಂಸ, ಕೊನೆಗೆ ಬದುಕುವ ಲಕ್ಷಣವಿಲ್ಲದವರನ್ನು ನೀರಿಗೆ ನೂಕುವುದು. ಇದನ್ನು ರಂಜಿಸಿ ಹೇಳುವವರಿದ್ದಾರೆ. ನನ್ನ ಬಾಯಿಗೆ ಅದು ಬರುವುದಿಲ್ಲ. ಆ ಜನ ಹುಟ್ಟಿನಿಂದ ಕ್ರೂರಿಗಳಾಗಿರಲಿಲ್ಲ. ಹಗ್ಗ ಬಿಟ್ಟವರು ಅವರನ್ನು ಆ ಸ್ಥಿತಿಗೆ ತಂದರು. 13 ದಿನ ಕಳೆದು, ಜುಲೈ 17ರಂದು ಜೊತೆಗೆ ಹೊರಟಿದ್ದ ಆರ್ಗಸ್ ಹಡಗು ಕಂಡಾಗ ತೆಪ್ಪದಲ್ಲಿ ಉಸಿರಾಡುತ್ತಿದ್ದವರು 15 ಜನ. ಅವರಲ್ಲೂ ಐವರು ದಡ ಸೇರಿದ ಮೇಲೆ ತೀರಿಕೊಂಡರು. ಮೆಡ್ಯೂಸಿನಲ್ಲೇ ಉಳಿದಿದ್ದ 17 ಜನರಲ್ಲಿ ಬದುಕಿ ಸಿಕ್ಕವರು ಮೂವರು.

ಎಲ್ಲರಿಗೂ ಸಾಲುವಷ್ಟು ದೋಣಿ ಇರಬೇಕು ಎಂಬ ಬುದ್ಧಿ ಜಗತ್ತಿಗೆ ಬರಲು ಮುಂದೆ 96 ವರ್ಷ ಬೇಕಾಯಿತು, 1912ರಲ್ಲಿ ಟೈಟಾನಿಕ್ ಮುಳುಗಬೇಕಾಯಿತು. ಈಗ ನಿಮ್ಮ ಹಡಗಿನಲ್ಲಿ ಭಾನುವಾರ ಬೋಟ್ ಡ್ರಿಲ್ ಎಂದರೆ ನಿದ್ದೆ ಕೆಟ್ಟಿತೆಂದು ಗೊಣಗಬೇಡಿ. ಮಸ್ಟರ್ ಲಿಸ್ಟ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಬರೆದಿರುವ ಕೆಲಸವನ್ನು ಕಣ್ಣು ಮುಚ್ಚಿ ಮಾಡಬಲ್ಲಿರಾ ನೋಡಿಕೊಳ್ಳಿ.

ತೆಪ್ಪದಿಂದ ಬದುಕಿ ಬಂದವರಲ್ಲಿ ಸಾವಿನ್ಯಿ ಎಂಬ ಹಡಗಿನ ವೈದ್ಯ, ಕೊರೆಯಾರ್ ಎಂಬ ಎಂಜಿನಿಯರ್ ಇದ್ದರು. ಸಾವಿನ್ಯಿ ನಡೆದದ್ದನ್ನೆಲ್ಲ ಬರೆದು ಸರ್ಕಾರಕ್ಕೆ ಕೊಟ್ಟ. ಅದು 1816ರ ಸೆಪ್ಟೆಂಬರಿನಲ್ಲಿ ಪತ್ರಿಕೆಯಲ್ಲಿ ಬಂದುಬಿಟ್ಟಿತು. ಮೇಲಿನವರಿಗೆ ಸಿಟ್ಟು ಬಂದದ್ದು ಹಡಗು ಕಳೆದವನ ಮೇಲಲ್ಲ, ಬರೆದವನ ಮೇಲೆ. ಸಾವಿನ್ಯಿ ನೌಕಾಪಡೆ ಬಿಡಬೇಕಾಯಿತು. ಕೊರೆಯಾರ್‌ಗೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ. ಇಬ್ಬರೂ ಸೇರಿ 1817ರಲ್ಲಿ ಪುಸ್ತಕ ತಂದರು. ಶೋಮರೆಯ ಮೇಲೆ ವಿಚಾರಣೆ ನಡೆದು ಮೂರು ವರ್ಷ ಜೈಲಾಯಿತು. ಜೆರಿಕೊ ಎಂಬ ತರುಣ ಚಿತ್ರಕಾರ ಸಾವಿನ್ಯಿ, ಕೊರೆಯಾರ್ ಇಬ್ಬರನ್ನೂ ಕೂರಿಸಿಕೊಂಡು ಕೇಳಿ ಕೇಳಿ, ಸುಮಾರು 5 ಮೀಟರ್ ಎತ್ತರ, 7 ಮೀಟರ್ ಅಗಲದ ಚಿತ್ರ ಬರೆದು 1819ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದ. ನಿಮ್ಮ ಹಡಗು ಫ್ರಾನ್ಸಿಗೆ ಹೋಗಿ ರಜೆ ಸಿಕ್ಕರೆ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಅದರ ಮುಂದೆ ನಿಂತು ಬನ್ನಿ.

ಆ ಇಬ್ಬರು ಬಾಯಿ ಮುಚ್ಚಿಕೊಂಡಿದ್ದರೆ ಗಾಳಿಯ ಮೇಲೆ ತಪ್ಪು ಹೊರಿಸಿ ಕಡತ ಮುಚ್ಚುತ್ತಿದ್ದರು. ಈ ಮಾತು ನಿಮಗೆ ಮೊದಲ ತಿಂಗಳಲ್ಲೇ ಬೇಕಾಗುತ್ತದೆ. 24 ಗಂಟೆಯಲ್ಲಿ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ ಕೊಡಬೇಕು ಎಂದು ನಿಯಮವಿದೆ. ಬಂದರಿನಲ್ಲಿ ಕೆಲಸದ ಒತ್ತಡ ಬಂದಾಗ ನಿದ್ದೆಗೆಟ್ಟು ದುಡಿದಿರುತ್ತೀರಿ. ತಪಾಸಣೆಗೆ ಜನ ಬರುತ್ತಾರೆ, ಪುಸ್ತಕದಲ್ಲಿ ಸರಿಯಾಗಿ ತುಂಬಿಸಿಬಿಡು ಎಂದು ಯಾರಾದರೂ ಹೇಳುತ್ತಾರೆ. ದುಡಿದದ್ದನ್ನು ದುಡಿದಂತೆಯೇ ಬರೆಯಿರಿ. ಲಾಗ್ ಬುಕ್ಕಿನಲ್ಲಿ ನೋಡಿದ್ದನ್ನಷ್ಟೇ ಬರೆಯಿರಿ, ನೋಡದ್ದಕ್ಕೆ ಸಹಿ ಹಾಕಬೇಡಿ. ಇದರಿಂದ ಒಮ್ಮೊಮ್ಮೆ ನಷ್ಟವಾಗುತ್ತದೆ. ಆಗುವುದಿಲ್ಲ ಎಂದು ನಾನು ಸುಳ್ಳು ಹೇಳಲಾರೆ.

ಇನ್ನೊಂದು ಹಡಗಿನ ಮಾತು. 1811ರ ಕ್ರಿಸ್‌ಮಸ್ ಹಿಂದಿನ ದಿನ, ಡೆನ್ಮಾರ್ಕಿನ ಪಶ್ಚಿಮ ತೀರ. ಬ್ರಿಟಿಷ್ ನೌಕಾಪಡೆಯ ಸೇಂಟ್ ಜಾರ್ಜ್ ಹಡಗು ಹಿಂದಿನ ತಿಂಗಳ ಬಿರುಗಾಳಿಯಲ್ಲಿ ಪಟಗಂಬ, ಚುಕ್ಕಾಣಿ ಕಳೆದುಕೊಂಡು ತಾತ್ಕಾಲಿಕ ರಿಪೇರಿಯಲ್ಲಿ ಊರಿಗೆ ಹೊರಟಿತ್ತು. ಕಾವಲಿಗೆ ಡಿಫೆನ್ಸ್, ಕ್ರೆಸ್ಸಿ ಎಂಬ ಎರಡು ಹಡಗುಗಳು. ಗಾಳಿ ಮೂರನ್ನೂ ದಡದತ್ತ ಒತ್ತಿತು. ಕ್ರೆಸ್ಸಿಯ ಕ್ಯಾಪ್ಟನ್ ಇನ್ನು ಸೇಂಟ್ ಜಾರ್ಜನ್ನು ಉಳಿಸಲಾಗದು ಎಂದು ಕಂಡು ತನ್ನ ಹಡಗನ್ನು ತಿರುಗಿಸಿ ಪಾರಾದ. ಡಿಫೆನ್ಸಿನ ಕ್ಯಾಪ್ಟನ್ ಅಟ್ಕಿನ್ಸ್, ಬಿಟ್ಟು ಹೋಗಲು ಸೇಂಟ್ ಜಾರ್ಜಿನಲ್ಲಿದ್ದ ಅಡ್ಮಿರಲ್ ಸಂಕೇತ ಕೊಟ್ಟಿದ್ದಾರೆಯೇ ಎಂದು ವಿಚಾರಿಸಿದ. ಇಲ್ಲ ಎಂದರು. ಹಾಗಾದರೆ ಬಿಡುವುದಿಲ್ಲ ಎಂದು ಅಲ್ಲೇ ನಿಂತ. ಎರಡೂ ಹಡಗು ಒಡೆದವು. ಸತ್ತವರು 1,300ಕ್ಕೂ ಹೆಚ್ಚು. ಉಳಿದವರು ಎರಡೂ ಹಡಗಿನಿಂದ ಇಪ್ಪತ್ತು ಜನರೂ ಇಲ್ಲ.

ಅಟ್ಕಿನ್ಸ್ ಹೇಡಿಯಲ್ಲ. ಹಗ್ಗ ಬಿಟ್ಟ ಶೋಮರೆಯ ಪಕ್ಕದಲ್ಲಿ ಅವನನ್ನು ನಿಲ್ಲಿಸುವುದು ಅನ್ಯಾಯ. ಆದರೂ ನನ್ನ ಮಟ್ಟಿಗೆ ಹೇಳುವುದಾದರೆ, ಅವನು ಹಡಗನ್ನು ತಿರುಗಿಸಬೇಕಿತ್ತು. ಅವನು ನಿಂತದ್ದರಿಂದ ಸೇಂಟ್ ಜಾರ್ಜಿನ ಯಾರಿಗೂ ಪ್ರಯೋಜನವಾಗಲಿಲ್ಲ, ತನ್ನ ಹಡಗಿನ ನೂರಾರು ಜನ ಹೋದರು. ನಿಮ್ಮಲ್ಲಿ ಕೆಲವರು ಇದನ್ನು ಒಪ್ಪಲಿಕ್ಕಿಲ್ಲ. ವಾಚ್ ಮುಗಿದ ಮೇಲೆ ಚಹಾ ಕುಡಿಯುತ್ತಾ ಜಗಳಾಡಿ, ಇದು ಜಗಳಾಡಬೇಕಾದ ವಿಷಯವೇ.

ಹೋದ ಹಡಗಿನಿಂದ ಒಳ್ಳೆಯದನ್ನು ಎತ್ತಿಕೊಂಡವರೂ ಆ ಕಾಲದಲ್ಲಿದ್ದರು. ಜೇಮ್ಸ್ ಹಾರ್ಸ್‌ಬರ್ಗ್ ಸ್ಕಾಟ್ಲೆಂಡಿನವನು. 1786ರಲ್ಲಿ ಅಟ್ಲಾಸ್ ಎಂಬ ಹಡಗಿನಲ್ಲಿ ಫಸ್ಟ್ ಮೇಟ್ ಆಗಿ ಬಟಾವಿಯಾದಿಂದ ಸಿಲೋನಿಗೆ ಬರುತ್ತಿದ್ದಾಗ, ನಕ್ಷೆಯೇ ತಪ್ಪಾಗಿದ್ದರಿಂದ ಹಡಗು ಡಿಯೇಗೊ ಗಾರ್ಸಿಯಾ ದ್ವೀಪಕ್ಕೆ ಬಡಿದು ಒಡೆಯಿತು. ಅಂದಿನಿಂದ ಆತ ಹೋದಲ್ಲೆಲ್ಲ ಆಳ, ಪ್ರವಾಹ, ಗಾಳಿ, ಗುಡ್ಡಗಳ ಗುರುತು, ದಿನದ ವಾಯುಭಾರ ಎಲ್ಲ ಬರೆಯುತ್ತಾ ಹೋದ. 1810ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವನನ್ನೇ ತನ್ನ ಹೈಡ್ರೋಗ್ರಾಫರ್ ಮಾಡಿಕೊಂಡಿತು. ನಮ್ಮ ಕೆನರಾ ಕರಾವಳಿಯೂ ಸೇರಿದಂತೆ ಪೂರ್ವದ ಸಮುದ್ರಗಳಿಗೆ ಅವನು ಬರೆದ ದಾರಿಗ್ರಂಥ ಹಲವು ದಶಕ ಹಡಗಿನವರ ಕೈಯಲ್ಲಿತ್ತು. ಎಷ್ಟು ಹಡಗು ಉಳಿದವೋ ಲೆಕ್ಕ ಇಟ್ಟವರಿಲ್ಲ. ಉಳಿದ ಹಡಗು ಸುದ್ದಿಯಾಗುವುದಿಲ್ಲವಲ್ಲ.

ಇನ್ನೊಬ್ಬ ಟ್ರೆಂಗ್ರೌಸ್, ಇಂಗ್ಲೆಂಡಿನ ಕಾರ್ನ್‌ವಾಲಿನ ಮರಗೆಲಸದವನು. 1807ರ ಡಿಸೆಂಬರಿನಲ್ಲಿ ಆನ್ಸನ್ ಹಡಗು ಅವನ ಕಣ್ಣೆದುರೇ ದಡದ ಹತ್ತಿರ ಒಡೆದು ಸುಮಾರು ನೂರು ಜನ ಸತ್ತರು. ದಡದಲ್ಲಿ ಜನ ನಿಂತಿದ್ದರು, ನಡುವೆ ಒಂದು ಹಗ್ಗ ದಾಟಿಸಲು ದಾರಿಯಿರಲಿಲ್ಲ. ರಾಕೆಟ್ಟಿಗೆ ಹಗ್ಗ ಕಟ್ಟಿ ಹಾರಿಸುವ ಉಪಾಯ ಮಾಡಲು ಅವನು ಇದ್ದ ಹಣವನ್ನೆಲ್ಲ ಸುರಿದ. ಸರ್ಕಾರ ಕೊಟ್ಟದ್ದು 50 ಪೌಂಡ್. ನಿಮ್ಮ ಬ್ರಿಜ್‌ನಲ್ಲಿ ಲೈನ್ ಥ್ರೋಯಿಂಗ್ ಅಪ್ಲಯನ್ಸ್ ಎಂಬ ಉಪಕರಣ ಇಟ್ಟಿರುತ್ತಾರೆ. ಅದನ್ನು ಕೈಗೆತ್ತಿಕೊಂಡಾಗ ಈ ಬಡಗಿಯನ್ನು ನೆನೆಯಿರಿ.

ನಿಮ್ಮಲ್ಲಿ ಕೆಲವರು ಮುಂದೆ ಮಾಸ್ಟರ್ ಆಗುತ್ತೀರಿ. ಆಗ ಕೆಡೆಟ್ ಒಬ್ಬ ಹೆದರುತ್ತಾ ಬಂದು, ಸರ್, ಆಳ ಕಡಿಮೆಯಾಗುತ್ತಿದೆ ಎಂದರೆ, ಅವನು ಹೇಳಿದ್ದು ತಪ್ಪೇ ಆಗಿದ್ದರೂ ಎಲ್ಲರೆದುರು ಗದರಬೇಡಿ. ಒಮ್ಮೆ ಗದರಿದರೆ ಎರಡನೇ ಸಲ ಅವನು ಬರುವುದಿಲ್ಲ.

ಸದ್ಯಕ್ಕೆ ನೀವೇ ಆ ಕೆಡೆಟ್. ಹಡಗು ಹತ್ತಿದ ದಿನ ಮಾಸ್ಟರ್ ಬರೆದಿಟ್ಟ ಸ್ಟ್ಯಾಂಡಿಂಗ್ ಆರ್ಡರ್ಸ್ ಪೂರ್ತಿ ಓದಿ. ಅನುಮಾನ ಬಂದರೆ ನನ್ನನ್ನು ಕರೆಯಿರಿ ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ರಾತ್ರಿ ಎರಡು ಗಂಟೆಯಾಗಿದ್ದರೂ, ಥರ್ಡ್ ಮೇಟ್ ಬೇಡವೆಂದು ಕಣ್ಸನ್ನೆ ಮಾಡಿದರೂ, ಅನುಮಾನ ಬಂದ ಗಳಿಗೆಯಲ್ಲಿ ಫೋನ್ ಎತ್ತಿ ಕರೆಯಿರಿ.