ಎತ್ತರದ ದಾರಿಯಲ್ಲಿ ಟ್ಯಾಂಕ್ ಕುದಿಯುವ ತೊಂದರೆ

ಕೊಲರಾಡೊದ ಬೆಟ್ಟದ ದಾರಿಗಳಲ್ಲಿ ಪೆಟ್ರೋಲ್ ಜೀಪಿನ ಮುಚ್ಚಳ ತೆರೆದಾಗ ಬುಸ್ಸೆಂದು ಆವಿ ನುಗ್ಗುವುದಕ್ಕೆ ಟ್ಯಾಂಕಿನ ದೋಷವೊಂದೇ ಕಾರಣವಾಗಿರಬೇಕಿಲ್ಲ. ಸುಮಾರು 4,000 ಮೀಟರ್ ಎತ್ತರದಲ್ಲಿ ವಾಯುಭಾರವು ಸಮುದ್ರಮಟ್ಟದ ಐದರಲ್ಲಿ ಮೂರು ಪಾಲಿನಷ್ಟಕ್ಕೆ ಇಳಿಯುವುದರಿಂದ ಇಂಧನ ಕಡಿಮೆ ಉಷ್ಣತೆಯಲ್ಲೇ ಕುದಿಯತೊಡಗುತ್ತದೆ. ಅದರ ಮೇಲೆ ನಿಧಾನವಾಗಿ ಕಲ್ಲುದಾರಿ ಏರುವಾಗ ಗಾಳಿಯಾಡದೆ ಸೈಲೆನ್ಸರ್ ಕೊಳವೆಯ ಶಾಖವೂ ಟ್ಯಾಂಕಿಗೆ ತಗಲುತ್ತದೆ. ಚಳಿಗಾಲಕ್ಕೆಂದು ತಯಾರಿಸಿದ, ಬೇಗ ಆವಿಯಾಗುವ ಪೆಟ್ರೋಲ್ ವಸಂತದಲ್ಲಿ ಟ್ಯಾಂಕಿನಲ್ಲಿ ಉಳಿದಿದ್ದರೆ ತೊಂದರೆ ಇಮ್ಮಡಿಯೇ ಸರಿ.

ಆದರೂ ಮೊದಲು ಪರೀಕ್ಷಿಸಬೇಕಾದದ್ದು ಕ್ಯಾನಿಸ್ಟರನ್ನು, ಎಂದರೆ ಆವಿಯನ್ನು ಹೀರಿಟ್ಟುಕೊಂಡು ಬಳಿಕ ಎಂಜಿನ್ನಿಗೆ ಬಿಡುವ ಇದ್ದಿಲಿನ ಡಬ್ಬಿಯನ್ನು. ಅದರ ಗಾಳಿಕೊಳವೆ ಕೆಸರು, ಧೂಳಿನಿಂದ ಕಟ್ಟಿಕೊಂಡರೆ ಆವಿಗೆ ಹೊರದಾರಿ ಇರುವುದಿಲ್ಲ. ಬಂಕಿನ ಗನ್ ತಾನಾಗಿ ನಿಂತ ಮೇಲೂ ಒತ್ತಿ ತುಂಬಿಸುವ ಅಭ್ಯಾಸ, ಅದು ನಿಜಕ್ಕೂ ದುರಭ್ಯಾಸ, ಇದ್ದಿಲನ್ನು ದ್ರವದಲ್ಲೇ ತೋಯಿಸಿ ಕೆಡಿಸುತ್ತದೆ. ಮುಚ್ಚಳ ತೆರೆದಾಗ ಆವಿ ಹೊರನುಗ್ಗದೆ ಗಾಳಿ ಒಳಗೆ ಎಳೆದುಕೊಂಡರೆ, ಎಂಜಿನ್ನಿನ ಹೀರುವಿಕೆಯನ್ನು ನಿಯಂತ್ರಿಸುವ ಪರ್ಜ್ ವಾಲ್ವ್ ತೆರೆದೇ ಉಳಿದು, ಗಾಳಿಯ ದಾರಿಯೂ ಕಟ್ಟಿರುವ ಸಂಭವವಿದೆ. ವಿದ್ಯುತ್ ಸಂಪರ್ಕ ತಪ್ಪಿಸಿದ ಪರ್ಜ್ ವಾಲ್ವ್ ಮೂಲಕ ಊದಿದ ಗಾಳಿ ಸಾಮಾನ್ಯವಾಗಿ ಹಾಯಬಾರದು.

ಮುಚ್ಚಳಕ್ಕೆ ತೂತು ಕೊರೆಯುವ ಉಪಾಯ ಬೇಡವೇ ಬೇಡ, ಏಕೆಂದರೆ ವಾಹನ ಮಗುಚಿದರೆ ಪೆಟ್ರೋಲ್ ಅಲ್ಲಿಂದಲೇ ಸುರಿಯುತ್ತದೆ. ಟ್ಯಾಂಕ್ ಬಿಸಿಯಾಗಿದ್ದಾಗ ಎಂಜಿನ್ ಆರಿಸಿ, ಟ್ಯಾಂಕ್ ಸಂಪೂರ್ಣ ತಣಿದ ನಂತರವಷ್ಟೇ ಮುಚ್ಚಳವನ್ನು ತಿರುಗಿಸಬೇಕು.