32 ಅಡಿಯ ಕೊಳವೆಗೆ ಮನೆಯಲ್ಲಿ ಜಾಗ

ಪುಟ್ಟೀ, ನೀನು ಕಳಿಸಿದ ಸಬ್‌ವೂಫರಿನ ಫೋಟೊ ನೋಡಿದೆ. ಕಪ್ಪು ಪೆಟ್ಟಿಗೆ, ಮುಂದೆ ದೊಡ್ಡ ಕೋನ್, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘1000 ವಾಟ್’. “ಮಾವ, ಶನಿವಾರ ತಗೊಂಡುಬಿಡಲಾ?” ಅಂತ ಕೇಳಿದ್ದೀಯ. ಎರಡು ವಾರ ತಡಿ ಕಣಮ್ಮ. ದುಡ್ಡು ನಿನ್ನದು, ಬೇಡ ಅನ್ನಲು ನಾನು ಯಾರು? ಆದರೆ ನಿನಗೆ ಬೇಕಾಗಿರುವುದು ಆ ಪೆಟ್ಟಿಗೆಯಲ್ಲಿ ಇಲ್ಲ ಅಂತ ನನಗೆ ಅನ್ನಿಸುತ್ತಿದೆ.

ಹ್ಯಾಂಬರ್ಗಿಗೆ ಹೋದ ಮೊದಲ ಚಳಿಗಾಲದಲ್ಲೇ ನೀನು ಸಂತ ಯಾಕೋಬಿ ಚರ್ಚಿಗೆ ಹೋಗಿ ಆರ್ಗನ್ ಕೇಳಿ ಬಂದು ನನಗೆ ಬರೆದಿದ್ದೆ: ಕೊನೆಯ ಸ್ವರಕ್ಕೆ ಕೂತಿದ್ದ ಬೆಂಚು ನಡುಗಿತು, ಕಿವಿಗೆ ದೊಡ್ಡದಾಗಿ ಏನೂ ಕೇಳಲಿಲ್ಲ, ಆದರೆ ಕಟ್ಟಡವೇ ಉಸಿರೆಳೆದ ಹಾಗಾಯಿತು ಅಂತ. ಆ ಮಾತನ್ನು ಮರೆಯಬೇಡ. ಅಂಗಡಿಯವನು ನಿನಗೆ ಕೇಳಿಸುವುದು ‘ಧಡ್’ ಅನ್ನುವ ಹೊಡೆತ. ನೀನು ಮನೆಗೆ ತರಬೇಕೆಂದಿರುವುದು ಉಸಿರು. ಎರಡೂ ತಗ್ಗಿನ ಸದ್ದೇ, ಆದರೆ ಎರಡಕ್ಕೂ ಬೇಕಾದ ಯಂತ್ರ ಬೇರೆ.

ಆರ್ಗನ್ನಿನವರು ಸ್ವರದ ಎತ್ತರವನ್ನು ಕೊಳವೆಯ ಉದ್ದದ ಲೆಕ್ಕದಲ್ಲಿ, ಅಡಿಯಲ್ಲಿ ಹೇಳುತ್ತಾರೆ. 8 ಅಡಿಯ ಸ್ಟಾಪ್ (ಕೊಳವೆಗಳ ಸಾಲು) ಅಂದರೆ ಪಿಯಾನೋದ ಮಟ್ಟ. 16 ಅಡಿ ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, 32 ಅಡಿ ಎರಡು ಸ್ಥಾಯಿ ಕೆಳಗೆ. ಪೆಡಲಿನ ಅತಿ ಎಡಗಡೆಯ ಸಿ ತುಳಿದರೆ 8 ಅಡಿಯಲ್ಲಿ ಸುಮಾರು 65 ಹರ್ಟ್ಜ್, 16 ಅಡಿಯಲ್ಲಿ 33, 32 ಅಡಿಯಲ್ಲಿ 16. ಪಿಯಾನೋದ ಕೊಟ್ಟಕೊನೆಯ ಮನೆಯೇ 27.5ಕ್ಕೆ ನಿಂತುಬಿಡುತ್ತದೆ. ನಮ್ಮ ಲೆಕ್ಕದಲ್ಲಿ ಮಂದ್ರ, ಅನುಮಂದ್ರ ಎರಡನ್ನೂ ದಾಟಿ ಇಳಿದ ಜಾಗ ಅದು. 16 ಹರ್ಟ್ಜಿನ ಒಂದು ಅಲೆಯ ಉದ್ದ ಸುಮಾರು 21 ಮೀಟರ್. ನಿನ್ನ ಹಾಲ್ 6 ಮೀಟರ್ ಅಂದಿದ್ದೆ. ಒಂದು ಅಲೆ ಪೂರ್ತಿ ಮೈಚಾಚಿ ಮಲಗಲು ಅಲ್ಲಿ ಜಾಗವಿಲ್ಲ. ಆದರೂ ಆ ಸ್ವರ ಕೋಣೆಗೆ ಬರುತ್ತದೆ, ಹೇಗೆ ಅಂತ ಮುಂದೆ ಹೇಳುತ್ತೇನೆ.

ಯಾಕೋಬಿಯ ಆರ್ಗನ್ನನ್ನು ಆರ್ಪ್ ಶ್ನಿಟ್ಗರ್ 1693ರಲ್ಲಿ ಕಟ್ಟಿ ಮುಗಿಸಿದ. ಪೆಡಲಿನಲ್ಲಿ 32 ಅಡಿಯ ಪ್ರಿನ್ಸಿಪಾಲ್ ಸ್ಟಾಪ್ ಇದೆ, 32 ಅಡಿಯ ಪೊಸಾನೆಯೂ ಇದೆ. ಅದರ ಶ್ರುತಿ ಈಗಿನದಕ್ಕಿಂತ ಸುಮಾರು ಒಂದು ಸ್ವರ ಮೇಲೆ, ಎ ಅಂದರೆ 495ರ ಆಸುಪಾಸು. ಹಾಗಾಗಿ ನಿನ್ನ ಬೆಂಚು ನಡುಗಿಸಿದ್ದು 16 ಅಲ್ಲ, 18ಕ್ಕಿಂತ ತುಸು ಮೇಲಿನದು. ಊರಿನ ಇನ್ನೊಂದು ಚರ್ಚು ಸಂತ ಕಥರೀನಾದ್ದು. ಬಾಖ್ 1720ರಲ್ಲಿ ಅಲ್ಲಿ ನುಡಿಸಿದ್ದ. ಅಲ್ಲಿನ 32 ಅಡಿಯ ಕೊಳವೆಗಳು ಕೆಳಗಿನ ಸಿ ತನಕ ಸಮನಾಗಿ, ತಡವರಿಸದೆ ನುಡಿಯುತ್ತಿದ್ದವು ಅಂತ ಅವನು ಹೊಗಳುತ್ತಿದ್ದನಂತೆ. ಶಿಷ್ಯ ಅಗ್ರಿಕೋಲಾ ಬರೆದಿಟ್ಟಿದ್ದಾನೆ. ಅದಕ್ಕೂ ಮುಂಚೆ, 1708ರಲ್ಲಿ, 23 ಇನ್ನೂ ತುಂಬದ ಹುಡುಗ ಬಾಖ್ ಮ್ಯೂಲ್‌ಹೌಸನ್ನಿನ ಚರ್ಚಿಗೆ ಕೊಟ್ಟ ದುರಸ್ತಿ ಪಟ್ಟಿಯಲ್ಲಿ ಹೊಸದಾಗಿ 32 ಅಡಿಯ ಒಂದು ಸ್ಟಾಪ್ ಬೇಕೆಂದು ಕೇಳಿದ್ದ. ಕಾರಣ ಜೋರು ಸದ್ದಿನ ಆಸೆಯಲ್ಲ, ಇಡೀ ವಾದ್ಯಕ್ಕೆ ಗಾಂಭೀರ್ಯ ಬರಬೇಕೆಂಬುದು. ಸಬ್‌ವೂಫರ್ ಆರಿಸುವಾಗ ಈ ಗಾಂಭೀರ್ಯವನ್ನೇ ತಕ್ಕಡಿಯ ಒಂದು ಕಡೆ ಇಟ್ಟುಕೋ.

ಈಗ ದುಡ್ಡು ಉಳಿಸುವ ಮಾತು. ಎಲ್ಲ ಆರ್ಗನ್ನಿನಲ್ಲೂ 32 ಅಡಿ ಇರುವುದಿಲ್ಲ. ಅಷ್ಟು ದೊಡ್ಡ ಕೊಳವೆಗೆ ಜಾಗ, ಮರ, ಹಣ ಮೂರೂ ಬೇಕು. ಕೆಲವರು ಮೇಲ್ತುದಿ ಮುಚ್ಚಿದ 16 ಅಡಿಯ ಕೊಳವೆಯಲ್ಲೇ 32ರ ಸ್ವರ ತೆಗೆಯುತ್ತಾರೆ, ಅದು ನಿಜವಾದ ಸ್ವರವೇ. ಇನ್ನು ಕೆಲವರು 16 ಅಡಿಯ ಜೊತೆಗೆ ಅದರ ಪಂಚಮ ನುಡಿಸುವ 10⅔ ಅಡಿಯ ಕೊಳವೆಯನ್ನು ಸೇರಿಸುತ್ತಾರೆ. 33ಕ್ಕೂ 49ಕ್ಕೂ ಇರುವ ಅಂತರ 16 ತಾನೇ, ಆ ಮೂರನೆಯ ಸ್ವರವನ್ನು ನಮ್ಮ ಕಿವಿ ತಾನೇ ಕಟ್ಟಿಕೊಳ್ಳುತ್ತದೆ. ಅಂಥ ರೆಕಾರ್ಡಿಂಗಿನಲ್ಲಿ ಸಬ್‌ವೂಫರಿಗೆ 16ರಲ್ಲಿ ಮಾಡುವ ಕೆಲಸ ಹೆಚ್ಚೇನೂ ಇರುವುದಿಲ್ಲ. ಆದ್ದರಿಂದ ಮೊದಲು ನಿನ್ನ ಸಿಡಿಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕು. ಆಡಾಸಿಟಿ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರಲ್ಲಿ ಸ್ಪೆಕ್ಟ್ರಮ್ ತೆಗೆದು ನೋಡು. ನೀನು ಪ್ರೀತಿಯಿಂದ ಮತ್ತೆ ಮತ್ತೆ ಹಾಕುವ ಹತ್ತು ಸಿಡಿಗಳಲ್ಲಿ ಎಂಟು 30ಕ್ಕಿಂತ ಕೆಳಗೆ ಇಳಿಯದಿದ್ದರೆ, 30ರ ತನಕ ಸ್ವಚ್ಛವಾಗಿ ನುಡಿಯುವ ಚಿಕ್ಕ ಪೆಟ್ಟಿಗೆ ಸಾಕು. ಮಿಕ್ಕ ದುಡ್ಡಿಗೆ ಟಿಕೆಟ್ ತೆಗೆದು ಎಲ್ಬ್‌ಫಿಲ್ಹಾರ್ಮೊನಿಗೆ ಹೋಗು. 4,765 ಕೊಳವೆಗಳ ಕ್ಲೈಸ್ ಆರ್ಗನ್ ಇದೆ ಅಲ್ಲಿ. ಸಿಡಿಗಳು 30ಕ್ಕಿಂತ ಕೆಳಗೆ ಇಳಿಯುತ್ತವೆ ಅಂತಾದರೆ ಮುಂದೆ ಓದು.

ಸಿನಿಮಾದ ಬಾಂಬು ಒಂದು ಸೆಕೆಂಡಿನ ಮಾತು. ಆರ್ಗನ್ನಿನ ಪೆಡಲ್ ಹಾಗಲ್ಲ, ನಮ್ಮ ತಂಬೂರಿಯ ಷಡ್ಜದಂತೆ ಎಷ್ಟೋ ಹೊತ್ತು ಹಿಡಿದೇ ಇರುತ್ತದೆ. ಮೇಲಿನ ಸ್ವರಗಳೆಲ್ಲ ಅದರ ಮೇಲೆ ಓಡಾಡುತ್ತಿರುತ್ತವೆ. ಅಷ್ಟು ಹೊತ್ತು ಕೋನ್ ಒಂದೇ ಸಮನೆ ಹಿಂದೆ ಮುಂದೆ ಆಡುತ್ತಿರಬೇಕು. ಒಂದು ಸ್ಥಾಯಿ ಕೆಳಗಿಳಿದರೆ ಅಷ್ಟೇ ಸದ್ದಿಗೆ ಕೋನ್ ನಾಲ್ಕು ಪಟ್ಟು ದೂರ ಆಡಬೇಕಾಗುತ್ತದೆ. 32ರಲ್ಲಿ 4 ಮಿಲಿಮೀಟರ್ ಆಡಿದ್ದು 16ರಲ್ಲಿ 16 ಮಿಲಿಮೀಟರ್ ಆಡಬೇಕು. ಅದರ ಮೇಲೆ ನಮ್ಮ ಕಿವಿಯ ತೊಂದರೆ ಬೇರೆ. 20 ಹರ್ಟ್ಜಿನ ಸದ್ದು ಕಿವಿಗೆ ಬೀಳಲು ಶುರುವಾಗುವುದೇ 78 ಡೆಸಿಬೆಲ್ ಸುತ್ತ, ಎದುರು ಕೂತು ಮಾತಾಡುವ ದನಿ 60ರ ಆಸುಪಾಸು ಇರುತ್ತದೆ. ಅಂದರೆ ಸಬ್‌ವೂಫರ್ ರಾಶಿ ಗಾಳಿ ತಳ್ಳಿದ ಮೇಲಷ್ಟೇ ನಿನಗೆ ‘ಏನೋ ಇದೆ’ ಅನ್ನಿಸುವುದು.

ಇಲ್ಲೇ ಅಗ್ಗದ ಪೆಟ್ಟಿಗೆ ಮೋಸ ಮಾಡುವುದು. 16ನ್ನು ನುಡಿಸಲಾರದೆ ಏದುಸಿರು ಬಿಡುವ ಕೋನ್ 33, 49ರ ಮೇಲ್ಸ್ವರಗಳನ್ನು ತಾನಾಗಿ ಹುಟ್ಟಿಸುತ್ತದೆ. ಅವು ಕಿವಿಗೆ ಬಲು ಸುಲಭವಾಗಿ ಕೇಳುತ್ತವೆ. ಕೇಳಿದವರು ‘ಅಬ್ಬಾ, ಎಂಥ ಬೇಸ್!’ ಅನ್ನುತ್ತಾರೆ. ಕೇಳಿದ್ದು ಸ್ವರವಲ್ಲ, ಯಂತ್ರದ ನರಳಾಟ. ನಾನು ಹ್ಯಾಂಬರ್ಗ್ ಬಂದರಿನಲ್ಲಿ ಹಡಗಿನ ಎಂಜಿನ್ ದುರಸ್ತಿ ಮಾಡುತ್ತಿದ್ದ ಕಾಲದಲ್ಲಿ ಮೊದಲ ಸಬ್‌ವೂಫರ್ ಕೊಂಡಾಗ ಆದದ್ದು ಇದೇ. ‘20 ಹರ್ಟ್ಜ್‌ವರೆಗೆ’ ಅಂತ ಕಾಗದದ ಮೇಲಿತ್ತು. ಪಾಪ, ನಿನ್ನ ಅತ್ತೆ ಶೋಕೇಸಿನ ಲೋಟಗಳ ನಡುವೆ ಬಟ್ಟೆ ತುರುಕಿ ಇಟ್ಟಳು. ಪೆಡಲ್ ಹಿಡಿದಾಗಲೆಲ್ಲ ಪೆಟ್ಟಿಗೆಯ ತೂತಿನಿಂದ ‘ಫುಸ್ ಫುಸ್’ ಅಂತ ಗಾಳಿ ಸದ್ದು. ಬಾಖ್‌ನ ಪಸ್ಸಕಾಲ್ಯ ಪೂರ್ತಿ ಆ ಫುಸ್‌ಗುಟ್ಟುವಿಕೆಯ ಜೊತೆಗೇ ಕೇಳಬೇಕಾಯಿತು. ಒಂದು ವರ್ಷ ಸಹಿಸಿಕೊಂಡೆ. ಆಮೇಲೆ ಮನಸ್ಸೇ ಬರಲಿಲ್ಲ, ಆರ್ಗನ್ ಕೇಳುವುದನ್ನೇ ಬಿಟ್ಟಿದ್ದೆ. ಅದು ನಿನಗೆ ಆಗಬಾರದು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆದ್ದರಿಂದ ಕಾಗದ ಓದುವುದನ್ನು ಕಲಿ. ‘20 ಹರ್ಟ್ಜ್’ ಅಂತ ಬರೆದಿದ್ದರೆ ‘ಎಷ್ಟು ಡೆಸಿಬೆಲ್ ಇಳಿತದಲ್ಲಿ?’ ಅಂತ ಕೇಳು. 3 ಅಂದರೆ ಮರ್ಯಾದೆಯ ಉತ್ತರ, 10 ಅಂದರೆ ಅಲ್ಲಿ ಸ್ವರ ಹೆಚ್ಚುಕಡಿಮೆ ಸೋತುಹೋಗಿದೆ. ಉತ್ತರವೇ ಇಲ್ಲದಿದ್ದರೆ ಎದ್ದು ಬಾ. ವಾಟ್ ನೋಡಲೇಬೇಡ. ಸಿಇಎ 2010 ಅನ್ನುವ ಪದ್ಧತಿಯಲ್ಲಿ ಅಳೆದ ಅಂಕಿ ಸಿಕ್ಕರೆ ಒಳ್ಳೆಯದು, ತಪ್ಪು ಸ್ವರ ಎಷ್ಟು ಬೆರೆತಿದೆ ಅನ್ನುವುದಕ್ಕೆ ಅದರಲ್ಲಿ ಮಿತಿ ಹಾಕಿರುತ್ತಾರೆ. ಆದರೆ ಅಲ್ಲಿ ಕೊಡುವುದು ಆರೂವರೆ ಸುತ್ತಿನ ತುಣುಕು ಸ್ವರ, 20 ಹರ್ಟ್ಜಿನಲ್ಲಿ ಅದು ಸೆಕೆಂಡಿನ ಮೂರನೇ ಒಂದು ಪಾಲು. ಆರ್ಗನ್ ಹಿಡಿದೇ ಇರುತ್ತದೆ. ಆದ್ದರಿಂದ ಆ ಅಂಕಿಯಲ್ಲಿ ಒಂದಿಷ್ಟು ಕಳೆದೇ ಲೆಕ್ಕ ಹಾಕು. ಅಂಗಡಿಗೆ ನಿನ್ನದೇ ಸಿಡಿ ಒಯ್ದು, ಉದ್ದನೆಯ ಪೆಡಲ್ ಇರುವ ಕಡೆ ಹಾಕಿಸಿ, ಪೆಟ್ಟಿಗೆಯ ಪಕ್ಕ ಮಂಡಿಯೂರಿ ಕೇಳು. ಗಾಳಿಯ ಸದ್ದು, ಟಕಟಕ ಸದ್ದು ಏನಾದರೂ ಬಂದರೆ ಅದು ನಿನ್ನದಲ್ಲ.

ಪೆಟ್ಟಿಗೆಯಲ್ಲಿ ಎರಡು ಜಾತಿ. ಪೂರ್ತಿ ಮುಚ್ಚಿದ್ದು ಒಂದು, ತೂತು ಅಂದರೆ ಪೋರ್ಟ್ ಇರುವುದು ಇನ್ನೊಂದು. ಎಸ್‌ವಿಎಸ್ ಕಂಪನಿಯ ಪಟ್ಟಿಯಲ್ಲಿ ಎಸ್‌ಬಿ ಅಂತ ಶುರುವಾಗುವುದು ಮೊದಲ ಜಾತಿ, ಪಿಬಿ ಎರಡನೆಯದು. ಪೋರ್ಟಿನದು ತಾನು ಶ್ರುತಿಗೊಂಡ ಜಾಗದ ತನಕ ಹೆಚ್ಚು ಸದ್ದು ಕೊಡುತ್ತದೆ, ಅಲ್ಲಿಂದ ಕೆಳಗೆ ಸ್ಥಾಯಿಗೆ 24 ಡೆಸಿಬೆಲ್‌ನಂತೆ ಕಡಿದಾಗಿ ಬೀಳುತ್ತದೆ. 16ರ ತನಕ ಹೋಗಬೇಕಾದರೆ ಫ್ರಿಜ್ಜಿನ ಹತ್ತಿರದ ಗಾತ್ರ ಬೇಕು. ಮುಚ್ಚಿದ್ದು ಮೊದಲೇ ಇಳಿಯಲು ಶುರುಮಾಡುತ್ತದೆ, ಆದರೆ ಸ್ಥಾಯಿಗೆ 12ರಂತೆ ಮೆಲ್ಲಗೆ. ಇಲ್ಲಿ ನಿನ್ನ ಕೋಣೆ ಕೈಹಿಡಿಯುತ್ತದೆ. 6 ಮೀಟರ್ ಹಾಲಿನಲ್ಲಿ ಉದ್ದಕ್ಕೆ ನಿಲ್ಲುವ ಮೊದಲ ಅಲೆ 28ರಿಂದ 29 ಹರ್ಟ್ಜ್. ಅದಕ್ಕಿಂತ ಕೆಳಗೆ ಸದ್ದು ಅಲೆಯಾಗಿ ಓಡುವುದಿಲ್ಲ, ಸೈಕಲ್ ಪಂಪಿನಲ್ಲಿ ಗಾಳಿ ಒತ್ತಿದ ಹಾಗೆ ಕೋಣೆಯ ಗಾಳಿಯನ್ನೇ ಒಟ್ಟಾಗಿ ಒತ್ತುತ್ತದೆ. ಇಳಿಯುವ ಸದ್ದನ್ನು ಕೋಣೆ ಎತ್ತಿಕೊಡುತ್ತದೆ. ಮೇಲೆ ಬಾಕಿ ಇಟ್ಟ ಮಾತು ಇದೇ. ಮುಚ್ಚಿದ ಪೆಟ್ಟಿಗೆಯ ಇಳಿತವೂ ಕೋಣೆಯ ಏರಿಕೆಯೂ ಒಂದಕ್ಕೊಂದು ಹೊಂದುತ್ತವೆ.

ಆದರೆ ಇದಕ್ಕೆ ಗೋಡೆ, ನೆಲ ಗಟ್ಟಿ ಇರಬೇಕು. ನೀನಿರುವುದು ಹಳೆಯ ಆಲ್ಟ್‌ಬೌ ಮನೆ, ಎತ್ತರದ ಸೀಲಿಂಗ್, ಮರದ ತೊಲೆಯ ನೆಲ. ಆ ನೆಲ ತಾನೇ ಬಾಗಿ ಸದ್ದನ್ನು ಕುಡಿಯುತ್ತದೆ, ಕೆಳಗಿನ ಮನೆಗೂ ದಾಟಿಸುತ್ತದೆ. ಆದ್ದರಿಂದ ನನ್ನ ಸಲಹೆ: 1000 ವಾಟಿನ ಒಂದರ ಬದಲು, ಮುಚ್ಚಿದ ಪೆಟ್ಟಿಗೆಯ 12 ಇಂಚಿನವು ಎರಡು. ಒಂದು ಈಗ, ಇನ್ನೊಂದು ಮುಂದಿನ ವರ್ಷ ತಗೊಂಡರೂ ಆಯಿತು. ಎರಡಿದ್ದರೆ ಪ್ರತಿಯೊಂದೂ ಅರ್ಧ ದೂರ ಆಡಿದರೆ ಸಾಕು, ಸ್ವರ ಸ್ವಚ್ಛವಾಗುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ಉಬ್ಬಿ ಇನ್ನೊಂದು ಕಡೆ ಮಾಯವಾಗುವ ಕಾಟವೂ ಕಡಿಮೆಯಾಗುತ್ತದೆ. ಆರ್ಗನ್ ಕೇಳುವವರಿಗೆ ಈ ಎರಡನೆಯ ಲಾಭ ಬಹಳ ಮುಖ್ಯ. ಪೆಡಲ್ ಒಂದೊಂದೇ ಮೆಟ್ಟಿಲು ಇಳಿಯುವಾಗ ಒಂದು ಸ್ವರ ಗುಡುಗಿ ಮುಂದಿನದು ಕಾಣೆಯಾದರೆ ರಾಗವೇ ಕೆಟ್ಟಿತಲ್ಲ. ಬಾಖ್ ಆ ಕೊಳವೆಗಳನ್ನು ಮೆಚ್ಚಿದ್ದು ಅವು ಸಮನಾಗಿ ನುಡಿಯುತ್ತವೆ ಅಂತಲೇ.

ಇಡುವ ಜಾಗಕ್ಕೆ ಹಳೆಯ ಉಪಾಯವೊಂದಿದೆ. ಪೆಟ್ಟಿಗೆಯನ್ನು ನೀನು ಕೂರುವ ಸೋಫಾದ ಮೇಲೆ ಇಟ್ಟು ಪೆಡಲ್ ನುಡಿಸು. ಆಮೇಲೆ ಗೋಡೆಯುದ್ದಕ್ಕೂ ನೆಲದ ಹತ್ತಿರ ತಲೆ ಬಗ್ಗಿಸಿಕೊಂಡು ಹೋಗು. ಎಲ್ಲಿ ಎಲ್ಲ ಸ್ವರವೂ ಸಮವಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡು. ಸೋಫಾ ಕೋಣೆಯ ನಟ್ಟನಡುವೆ ಬೇಡ, ಆ 28ರ ಅಲೆ ಅಲ್ಲೇ ಸತ್ತಿರುತ್ತದೆ. ಆಮೇಲೆ ಮಿನಿಡಿಎಸ್‌ಪಿಯ ಯೂಮಿಕ್ ಮೈಕ್ ಒಂದನ್ನು ತಗೊಂಡು ಆರ್‌ಇಡಬ್ಲ್ಯೂ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಅಳೆ. ಉಬ್ಬುಗಳನ್ನು ಈಕ್ವಲೈಸರಿನಿಂದ ತಗ್ಗಿಸು, ತಗ್ಗುಗಳನ್ನು ತುಂಬಲು ಹೋಗಬೇಡ. ಬಾವಿಗೆ ನೀರು ಸುರಿದ ಹಾಗೆ ಆಂಪ್ಲಿಫೈಯರಿನ ಶಕ್ತಿಯೆಲ್ಲ ಅಲ್ಲಿಗೇ ಹೋಗುತ್ತದೆ.

ಕ್ರಾಸ್‌ಓವರ್, ಅಂದರೆ ಸ್ಪೀಕರ್ ಬಿಟ್ಟು ಸಬ್‌ವೂಫರ್ ಶುರುವಾಗುವ ಗಡಿ, 80ಕ್ಕೆ ಇಡು ಅಂತ ಎಲ್ಲರೂ ಹೇಳುತ್ತಾರೆ. ಅದು ಸಿನಿಮಾದ ರೂಢಿ. ನಿನ್ನ ಸ್ಪೀಕರ್ 45ರ ತನಕ ಇಳಿಯುತ್ತವೆ ಅಂದಿದ್ದೆ, 60ರ ಹತ್ತಿರ ಇಡು. ಪೆಡಲಿನದೂ ಒಂದು ರಾಗ, ಅದು ಅರ್ಧ ಮೂಲೆಯಿಂದ, ಅರ್ಧ ಮುಂದಿನಿಂದ ಬಂದರೆ ನುಡಿಸುವವನ ಕಾಲು ಎರಡು ಊರಲ್ಲಿದ್ದ ಹಾಗೆ ಕೇಳುತ್ತದೆ. ಸದ್ದಿನ ಗುಂಡಿಯನ್ನು ಸೊನ್ನೆಯಿಂದ ಮೇಲೆ ತಿರುಗಿಸುತ್ತಾ ಬಾ, ‘ಹಾಂ, ಸಬ್‌ವೂಫರ್ ಬಂತು’ ಅನ್ನಿಸಿದ ತಕ್ಷಣ ತುಸು ಹಿಂದಕ್ಕೆ ತಿರುಗಿಸು. ಎಲ್‌ಪಿ ಹಾಕುವ ದಿನ ರಂಬಲ್ ಫಿಲ್ಟರ್ ಒತ್ತಿಕೊಳ್ಳುವುದನ್ನು ಮಾತ್ರ ಮರೆಯಬೇಡ. ತಟ್ಟೆಯ ಓರೆಕೋರೆಗೆ ಕೋನ್ ಸುಮ್ಮನೆ ಹೊಯ್ದಾಡುತ್ತದೆ.

ಕೆಳಮನೆಯವರ ವಿಷಯ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಅಲ್ಲಿ ಸದ್ದು ಮಾಡುವಂತಿಲ್ಲ, ನಿನಗೆ ಗೊತ್ತು. ಪೆಟ್ಟಿಗೆಯ ಕೆಳಗೆ ರಬ್ಬರ್ ಹಾಸು ಹಾಕಿದರೆ ನೆಲದ ನಡುಕ ಕಡಿಮೆಯಾಗುತ್ತದೆ, ಗಾಳಿಯಲ್ಲಿ ಹೋಗುವ ತಗ್ಗು ಸದ್ದನ್ನು ಆ ಹಾಸು ತಡೆಯಲಾರದು. ಕೊಂಡ ಮೊದಲ ವಾರವೇ ಒಂದು ಕೇಕ್ ಹಿಡಿದು ಕೆಳಗೆ ಹೋಗಿ ಕದ ತಟ್ಟು. ಯಾವ ಹೊತ್ತಿಗೆ ಅವರು ಮನೆಯಲ್ಲಿರುವುದಿಲ್ಲ ಅಂತ ಕೇಳಿ, ಆ ಹೊತ್ತನ್ನು ನಿನ್ನ ಆರ್ಗನ್ನಿಗೆ ಇಟ್ಟುಕೋ. ಆರ್ಗನ್ ದಿನವಿಡೀ ಕೇಳುವ ಸಂಗೀತವೂ ಅಲ್ಲ.

ಎಲ್ಲ ಹೊಂದಿಸಿದ ಮೇಲೆ ಮೊದಲು ಹಾಕಬೇಕಾದ್ದು ‘ಜರಾತುಷ್ಟ್ರ’ ಅನ್ನುವ ಕೃತಿಯ ಆ ಪ್ರಸಿದ್ಧ ಆರಂಭವಲ್ಲ, ಅದನ್ನು ನೆಂಟರು ಬಂದಾಗ ಹಾಕು. ಸ್ಯಾಂ ಸಾನ್ಸ್ 1886ರಲ್ಲಿ ಬರೆದ ಮೂರನೆಯ ಸಿಂಫನಿಯ ನಿಧಾನ ಭಾಗ ಹಾಕು. ಚಾರ್ಲ್ಸ್ ಮ್ಯೂಂಷ್ ಬಾಸ್ಟನ್ನಿನಲ್ಲಿ 1959ರಲ್ಲಿ ಧ್ವನಿಮುದ್ರಿಸಿದ್ದು ನನ್ನ ಹತ್ತಿರ ಇದೆ, ನೀನೂ ಹುಡುಕಿಕೋ. ಅಲ್ಲಿ ಆರ್ಗನ್ ಬಲು ಮೆಲ್ಲಗೆ, ತಂತಿವಾದ್ಯಗಳ ಕೆಳಗೆ ಚಾಪೆ ಹಾಸಿದ ಹಾಗೆ ಬರುತ್ತದೆ. ಎರಡು ನಿಮಿಷ ಕಣ್ಣು ಮುಚ್ಚಿ ಕೇಳು. ಆಮೇಲೆ ನಿನ್ನ ಗೆಳತಿಗೆ, ನಿನಗೆ ತಿಳಿಸದೆ ಸಬ್‌ವೂಫರಿನ ಸ್ವಿಚ್ ಆರಿಸಲು ಹೇಳು. ಸ್ವರ ಒಂದೂ ತಪ್ಪಿಹೋಗುವುದಿಲ್ಲ, ಪಿಟೀಲು ಹಾಗೇ ಇರುತ್ತದೆ. ಆದರೆ ಹಾಲಿನ ಗೋಡೆಗಳು ತಟ್ಟನೆ ಹತ್ತಿರ ಬಂದ ಹಾಗೆ ಆದರೆ ನೀನು ಕೊಂಡದ್ದು ಸರಿ. ಏನೂ ಆಗಲಿಲ್ಲ ಅಂದರೆ, ಅಥವಾ ‘ಅಬ್ಬ, ಗಲಾಟೆ ನಿಂತಿತು’ ಅನ್ನಿಸಿದರೆ, ಅಳತೆಯ ಗ್ರಾಫ್ ನನಗೆ ಕಳಿಸು, ಭಾನುವಾರ ಫೋನಿನಲ್ಲಿ ಕೂತು ಇಬ್ಬರೂ ನೋಡೋಣ.