ಹಿಮಗಡಲಿನ ಕಿಟಕಿ

ಜ್ಯೇಷ್ಠಮಾಸದಲ್ಲಿ ನೈಋತ್ಯದ ಗಾಳಿ ಮಳೆಯನ್ನು ತಂದಿತೆಂದರೆ ನಮ್ಮ ಅಂಬರನಾಥದ ವಾಲಧುನಿ ನದಿ ತುಂಬಿ ಹರಿಯುತ್ತದೆ. ಗಾಳಿಯ ಪ್ರಭಾವವು ಧ್ರುವಪ್ರದೇಶದಲ್ಲಿಯೂ ಉಂಟು. ಅಲ್ಲಿ ಅದು ಹೆಪ್ಪುಗಟ್ಟಿದ ಕಡಲನ್ನೇ ತೆರೆಯಬಲ್ಲದು.

ಚಳಿಗಾಲದಲ್ಲಿ ಅಂಟಾರ್ಕ್ಟಿಕದ ಸುತ್ತಲಿನ ಸಮುದ್ರವನ್ನು ಮಂಜುಗಡ್ಡೆ ಮುಚ್ಚುತ್ತದೆ. ಅದರ ನಡುವೆ ತೆರೆದುಳಿಯುವ ನೀರಿಗೆ ರಷ್ಯನ್ನರ ಮಾತಿನಲ್ಲಿ 'ಪಾಲಿನ್ಯ' ಎಂದು ಹೆಸರು. ಭಾರತದ ಮೈತ್ರಿ ನಿಲ್ದಾಣದ ವಾಯವ್ಯಕ್ಕೆ, ಮಾಡ್ ರೈಸ್ ಎಂಬ ಕಡಲೊಳಗಿನ ಬೆಟ್ಟವಿರುವ ಕಡೆ, 1974ರಿಂದ 1976ರವರೆಗಿನ ಮೂರು ಚಳಿಗಾಲಗಳಲ್ಲಿ ಕರ್ನಾಟಕಕ್ಕಿಂತಲೂ ವಿಶಾಲವಾದ ಪಾಲಿನ್ಯವು ಕಾಣಿಸಿತು.

ಇದಕ್ಕೆ ಕಾರಣವೇನು? ಆ ಖಂಡವನ್ನು ಸುತ್ತುವ ಪಡುವಣ ಗಾಳಿಯು ಕೆಲವು ವರ್ಷ ಬಲಗೊಳ್ಳುತ್ತದೆ, ಕೆಲವು ವರ್ಷ ಸಡಿಲಗೊಳ್ಳುತ್ತದೆ. ಬಲಗೊಂಡಾಗ ಆಳದ ಬೆಚ್ಚನೆಯ ಉಪ್ಪುನೀರು ಮೇಲೇರಿ ಮಂಜನ್ನು ತಳದಿಂದ ಕರಗಿಸುತ್ತದೆ. ಮೇಲೆ ಬಿರುಗಾಳಿಗಳು ಗಡ್ಡೆಗಳನ್ನು ಚದುರಿಸುತ್ತವೆ. 2017ರಲ್ಲಿ ಅಲ್ಲಿಯೇ ಚಿಕ್ಕದೊಂದು ಪಾಲಿನ್ಯವು ಹೀಗೆ ತೆರೆಯಿತು. ಗೋವೆಯಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನ ಕೇಂದ್ರದ ವಿಜ್ಞಾನಿಗಳೂ ಅದನ್ನು ಅಭ್ಯಸಿಸಿದರು.

ಈ ಕಿಟಕಿಯಿಂದ ಕಡಲಿನ ಶಾಖವು ಹೊರಹೋಗುತ್ತದೆ. ತಣ್ಣಗಾದ ನೀರು ಭಾರವಾಗಿ ಆಳಕ್ಕಿಳಿಯುತ್ತದೆ. ಭೂಮಿಯ ತಾಪ ಏರಿ, ಮಂಜು ಕರಗಿ, ಮೇಲ್ಭಾಗದ ನೀರಿನ ಉಪ್ಪು ಕಡಿಮೆಯಾದರೆ ಆ ಹಗುರವಾದ ನೀರು ಮುಚ್ಚಳದಂತೆ ನಿಲ್ಲುತ್ತದೆ. ಆಗ ಕಿಟಕಿ ತೆರೆಯುವುದು ಕಷ್ಟ. ಶಾಖವು ಆಳದಲ್ಲಿಯೇ ಉಳಿಯುತ್ತದೆ. ಆದುದರಿಂದ, ವಿದ್ಯಾರ್ಥಿಗಳೇ, ಕಡಲನ್ನು ತಿಳಿಯಬೇಕಾದರೆ ನಾವು ಗಾಳಿಯನ್ನೂ ಓದಬೇಕು.